ತೋಫುವಿಗೆ ಹೋದ ಸೂಜಿ

ಸುಮಿಯೆ ಹತಾನಾಕಾ ಮಾಡುವ ಸೂಜಿಯಲ್ಲಿ ಹರಿದ ಅಂಗಿ ಹೊಲಿಯಲು ಬರುವುದಿಲ್ಲ. ಅದಕ್ಕೆ ದಾರ ಪೋಣಿಸುವ ಕಣ್ಣಿಲ್ಲ. ಉದ್ದ ಎಂದರೆ ಎರಡು ಅಕ್ಕಿಕಾಳು ಸೇರಿಸಿದಷ್ಟು. ಆದರೆ ಅದರ ತುದಿ ಚೂಪಾಗುತ್ತ ಚೂಪಾಗುತ್ತ ಹೋಗಿ ಕೊನೆಗೆ ಒಂದೇ ಒಂದು ಪರಮಾಣುವಿನ ಮೇಲೆ ನಿಲ್ಲಬೇಕು. ಅಂಥ ತುದಿಯಿಂದ ಅಣುಗಳನ್ನು ಒಂದೊಂದಾಗಿ ಹಿಡಿದು, ಸರಿಸಿ, ಬೇಕಾದಲ್ಲಿ ಕೂರಿಸುವ ಕೆಲಸ ತ್ಸುಕುಬಾದ ಕುರಹಾಶಿ ಮೇಷ್ಟ್ರ ಲ್ಯಾಬಿನಲ್ಲಿ ನಡೆಯುತ್ತಿತ್ತು. ಇಪ್ಪತ್ತಾರು ವರ್ಷ ಆ ಲ್ಯಾಬಿಗೆ ಸೂಜಿ ಒದಗಿಸಿದವಳು ಸುಮಿಯೆ. ಅವಳ ಕೈಗುಣ ಅಂಥದು. ಅವಳ ಹೊಟ್ಟೆಕಿಚ್ಚು ಎಂಥದು ಎಂಬುದು ಮಾತ್ರ ಐವತ್ತೇಳನೇ ವಯಸ್ಸಿನವರೆಗೆ ಯಾರಿಗೂ ಗೊತ್ತಿರಲಿಲ್ಲ. ಅವಳಿಗೇ ಗೊತ್ತಿರಲಿಲ್ಲ.

ಅವಳ ತಾಯಿ ಬೆಟ್ಟದ ಬುಡದ ಹಳ್ಳಿಯಲ್ಲಿ ಕಿಮೋನೊ ಹೊಲಿದು ಮೂರು ಮಕ್ಕಳನ್ನು ಸಾಕಿದವಳು. ಸುಮಿಯೆ ಹೆಚ್ಚು ಓದಲಿಲ್ಲ. ಬಸ್ಸು ಓಡಿಸುವ ತೊಕುಜಿಯನ್ನು ಮದುವೆಯಾಗಿ ತ್ಸುಕುಬಾ ಊರಿಗೆ ಬಂದು, ಮೂವತ್ತೊಂದನೇ ವಯಸ್ಸಿನಲ್ಲಿ ಲ್ಯಾಬಿಗೆ ಗಾಜಿನ ಪಾತ್ರೆ ತೊಳೆಯುವ ಕೆಲಸಕ್ಕೆ ಸೇರಿದಳು. ಕುರಹಾಶಿ ಮೇಷ್ಟ್ರು ಆಗಿನ್ನೂ ತಲೆತುಂಬ ಕಪ್ಪು ಕೂದಲಿದ್ದ ಮನುಷ್ಯ. ದಿನಕ್ಕೆ ಹತ್ತು ಸೂಜಿ ಮಾಡಲು ಹೋಗಿ ಹನ್ನೊಂದು ಕೆಡಿಸುತ್ತಿದ್ದರು. ಒಂದು ಮಧ್ಯಾಹ್ನ ರೋಸಿಹೋಗಿ, ಪಕ್ಕದಲ್ಲಿ ಲೋಟ ಒರೆಸುತ್ತ ನಿಂತಿದ್ದವಳ ಕೈಗೆ ತಂತಿ ಕೊಟ್ಟು, "ನೀವೇ ಒಂದು ಕೈ ನೋಡಿ, ನನ್ ಕೈಲಾಗಲ್ಲ," ಅಂದುಬಿಟ್ಟರು.

ಕೆಲಸ ಕೇಳಿದರೆ ಏನೂ ಅಲ್ಲ. ಟಂಗ್‌ಸ್ಟನ್ ತಂತಿಯ ತುಂಡನ್ನು ಕ್ಷಾರದ ನೀರಿನಲ್ಲಿ ಇಳಿಬಿಟ್ಟು ವಿದ್ಯುತ್ ಹರಿಸಬೇಕು. ನೀರಿನ ಮಟ್ಟದಲ್ಲಿ ತಂತಿಯ ಕುತ್ತಿಗೆ ಸವೆಯುತ್ತ ಸವೆಯುತ್ತ ಕೆಳಗಿನ ಭಾಗ ಕಳಚಿ ಬೀಳುತ್ತದೆ. ಬಿದ್ದ ಅದೇ ಗಳಿಗೆಯಲ್ಲಿ ವಿದ್ಯುತ್ ನಿಲ್ಲಿಸಬೇಕು. ಒಂದು ಚೂರು ತಡವಾದರೂ ತುದಿ ಕರಗಿ ಮೊಂಡಾಗುತ್ತದೆ. ಸುಮಿಯೆ ಗುಳ್ಳೆ ಏಳುವುದನ್ನು ನೋಡುತ್ತ ಕೂತಳು. ಗುಳ್ಳೆ ತೆಳ್ಳಗಾದವು. ಬೆರಳು ತಾನಾಗಿ ಗುಂಡಿ ಒತ್ತಿತು. ಮೇಷ್ಟ್ರು ಸೂಜಿಯನ್ನು ಯಂತ್ರಕ್ಕೆ ಹಾಕಿ ನೋಡಿ ಮಗುವಿನ ಹಾಗೆ ಕುಣಿದಾಡಿದರು. ಅಲ್ಲಿಂದ ಪಾತ್ರೆ ತೊಳೆಯಲು ಬೇರೆಯವರು ಬಂದರು.

ಆ ಲ್ಯಾಬಿನಿಂದ ಹೊರಬಂದ ಪ್ರತಿ ಲೇಖನದ ಕೊನೆಯಲ್ಲಿ, ಸಣ್ಣಕ್ಷರದ ಕೃತಜ್ಞತೆಯ ಸಾಲಿನಲ್ಲಿ, ಸೂಜಿಗಾಗಿ ಹತಾನಾಕಾ ಅವರಿಗೆ ಧನ್ಯವಾದ ಎಂದು ಇರುತ್ತಿತ್ತು. ಲೇಖನ ಅವಳಿಗೆ ಅರ್ಥವಾಗುತ್ತಿರಲಿಲ್ಲ, ಅದು ಇಂಗ್ಲಿಷು. ಅಕ್ಷರ ಕೂಡಿಸಿ ಹೆಸರುಗಳನ್ನು ಮಾತ್ರ ಓದುತ್ತಿದ್ದಳು. ಆ ಸಾಲುಗಳನ್ನು ಕತ್ತರಿಸಿ ಒಂದು ಪುಸ್ತಕಕ್ಕೆ ಅಂಟಿಸಿಟ್ಟಿದ್ದಳು. ತೊಕುಜಿ ಅದನ್ನು "ನಮ್ಮನೆ ಜಾತಕ" ಎಂದು ಗೇಲಿ ಮಾಡುತ್ತಿದ್ದ.

ಇಷ್ಟು ಸುಖವಾಗಿದ್ದ ಬಾಳಿಗೆ ಇಸೊಗಾಯ್ ಎಂಬ ಹುಡುಗಿ ಬಂದು ಸೇರಿಕೊಂಡಳು.

ಇಸೊಗಾಯ್‌ಗೆ ಇಪ್ಪತ್ತೊಂಬತ್ತು. ಓದಿದವಳು, ಚುರುಕು, ಯಾವಾಗ ನೋಡಿದರೂ ನಗುಮುಖ. ಬಂದ ಮೂರನೇ ತಿಂಗಳಿಗೆ ತಂತಿ ಕಳಚಿದ ಕೂಡಲೇ ವಿದ್ಯುತ್ತನ್ನು ತಾನೇ ನಿಲ್ಲಿಸುವ ಒಂದು ಪುಟ್ಟ ಪೆಟ್ಟಿಗೆ ಕಟ್ಟಿದಳು. ಅದರ ಸೂಜಿಗಳು ಕೆಟ್ಟದಾಗಿದ್ದರೆ ಸುಮಿಯೆಗೆ ಅವಳು ಮಗಳ ಹಾಗೆ ಕಾಣುತ್ತಿದ್ದಳೋ ಏನೋ. ಆದರೆ ಸೂಜಿಗಳು ಚೆನ್ನಾಗಿದ್ದವು. ಮೇಷ್ಟ್ರು ಅವಳನ್ನು ತಲೆ ಮೇಲೆ ಕೂರಿಸಿಕೊಂಡರು. ಎರಡು ಮಾತಿಗೊಮ್ಮೆ ಇಸೊಗಾಯ್, ಇಸೊಗಾಯ್. ಸಾಲದೆಂಬಂತೆ ಹುಡುಗಿ ಊರಿನಿಂದ ಒಣಗೆಣಸು ತಂದು ಎಲ್ಲರಿಗೂ ಹಂಚುತ್ತಿದ್ದಳು, ಮೊದಲ ತುಂಡು ಸುಮಿಯೆಗೇ ಕೊಡುತ್ತಿದ್ದಳು. ಅದು ನಾಲಿಗೆಗೆ ಸಿಹಿ. ಗಂಟಲಿಗೆ ಇಳಿಯುವ ಹೊತ್ತಿಗೆ ಕಹಿ.

ಇಸೊಗಾಯ್ ಎಲ್ಲರ ಸೂಜಿಗಳನ್ನೂ ದೊಡ್ಡ ಸೂಕ್ಷ್ಮದರ್ಶಕದ ಕೆಳಗಿಟ್ಟು ಫೋಟೋ ತೆಗೆಯುವಳು. ಸುಮಿಯೆ ಒಂದು ದಿನವೂ ಆ ಫೋಟೋ ನೋಡಲಿಲ್ಲ.

"ಒಂದ್ಸಲ ಬಂದು ನೋಡಿ ಹತಾನಾಕಾ ಸಾನ್, ನಿಮ್ಮವು ಎಷ್ಟು ಚೆಂದ ಬಂದಿವೆ!"

"ನನ್ ಸೂಜಿ ನಂಗೊತ್ತಮ್ಮ. ಫೋಟೋ ತೆಗೆಸ್ಕೊಳ್ಳೋದಕ್ಕೆ ಅದೇನು ಮದುವೆ ಹೆಣ್ಣಾ?"

ಅವಳು ಬಂದ ಎರಡನೇ ಚಳಿಗಾಲದಲ್ಲಿ ಮೇಷ್ಟ್ರು ಗಾಲಿಯ ಹುಚ್ಚಿಗೆ ಬಿದ್ದರು. ಚಿನ್ನದ ತಳದ ಮೇಲೆ ಆರು ಅಣುಗಳನ್ನು ಸೂಜಿಯಿಂದ ಒಂದೊಂದಾಗಿ ದೂಡಿ ತಂದು, ಉಂಗುರದ ಹಾಗೆ ಜೋಡಿಸಿ, ತಿರುಗಿಸಬೇಕು. ಯಾರು ಲ್ಯಾಬಿಗೆ ಬಂದರೂ ಮೇಷ್ಟ್ರದು ಒಂದೇ ಭಾಷಣ. ಪರ್ಸಿಮನ್ ಮರ ಗಾಳಿಯಿಂದ, ನೀರಿನಿಂದ, ಮಣ್ಣಿನಿಂದ ಅಣು ಆರಿಸಿಕೊಂಡು ಹಣ್ಣು ಕಟ್ಟುತ್ತದೆ, ಯಾವ ಕಾರ್ಖಾನೆಯೂ ಬೇಡ, ಹೊಗೆಯೂ ಇಲ್ಲ. ನಮಗೂ ಒಂದು ದಿನ ಆ ವಿದ್ಯೆ ಬರುತ್ತದೆ. ಆಗ ರಕ್ತದೊಳಗೇ ಓಡಾಡಿ ಗೆಡ್ಡೆ ಕರಗಿಸುವ ಯಂತ್ರ ಮಾಡಬಹುದು, ಹರಿದರೆ ತಾನೇ ಕೂಡಿಕೊಳ್ಳುವ ಬಟ್ಟೆ ನೇಯಬಹುದು, ಕೆಟ್ಟ ಗಾಳಿಯಿಂದಲೇ ಕಟ್ಟಡದ ಕಲ್ಲು ತೆಗೆಯಬಹುದು. "ಇನ್ನು ಇಪ್ಪತ್ತೇ ವರ್ಷ!" ಎಂದು ಅವರು ಮುಗಿಸುತ್ತಿದ್ದರು. ಇಪ್ಪತ್ತಾರು ವರ್ಷದಿಂದ ಇಪ್ಪತ್ತೇ ವರ್ಷ. ಸುಮಿಯೆ ಒಳಗೊಳಗೇ ನಗುತ್ತಿದ್ದಳಾದರೂ ನಂಬಿಯೂ ಇದ್ದಳು. ಆ ದಿನ ಬಂದಾಗ ಅದರ ಬೇರಿನಲ್ಲಿ ತನ್ನ ಒಂದು ಸೂಜಿ ಇರುತ್ತದೆ ಎಂಬುದೇ ಅವಳ ಹೆಮ್ಮೆ.

ಮಾರ್ಚ್ ಕೊನೆಗೆ ಮೇಷ್ಟ್ರಿಗೆ ನಿವೃತ್ತಿ. ಫೆಬ್ರವರಿ ಹತ್ತರಂದು ರಾಜಧಾನಿಯಿಂದ ದೊಡ್ಡವರು ಬರುವುದೆಂದೂ, ಅವರ ಎದುರಿಗೇ ಗಾಲಿ ತಿರುಗಿಸಿ ತೋರಿಸುವುದೆಂದೂ ನಿಶ್ಚಯವಾಯಿತು. ಯಾರ ಸೂಜಿಯಿಂದ? ಸುಮಿಯೆಗೆ ಬೇಕಾಗಿದ್ದದ್ದು ಅದೊಂದೇ ಮಾತು. ಮೇಷ್ಟ್ರ ಕೊನೆಯ ಕೆಲಸ ತನ್ನ ಸೂಜಿಯಿಂದಲೇ ಆಗಬೇಕು. ಮೊದಲನೆಯದೂ ತನ್ನದೇ ಅಲ್ಲವೇ?

ಜನವರಿ ಕೊನೆಯಲ್ಲಿ ಅವಳು ಮುದ್ರಣ ಯಂತ್ರದ ಮೇಲೆ ಹೊಸ ಲೇಖನದ ಕರಡನ್ನು ಕಂಡಳು. ಮೇಲ್ಗಡೆ, ದಪ್ಪಕ್ಷರದಲ್ಲಿ, ಬರೆದವರ ಸಾಲಿನಲ್ಲಿ, ಮೇಷ್ಟ್ರ ಹೆಸರಿನಿಂದ ಎರಡೇ ಹೆಸರು ಆಚೆಗೆ ಇಸೊಗಾಯ್. ತಾನು ಎಲ್ಲಿ? ತಾನು ಎಂದಿನ ಹಾಗೆ ತಳದಲ್ಲಿ, ಇರುವೆಯಷ್ಟು ಅಕ್ಷರದಲ್ಲಿ. ಇಪ್ಪತ್ತಾರು ವರ್ಷ ಅವಳಿಗೆ ಆ ಸಾಲು ಸಾಕಾಗಿತ್ತು. ಆ ದಿನ ಸಾಕಾಗಲಿಲ್ಲ. ಮೈಯೆಲ್ಲ ಉರಿದುಹೋಯಿತು.

ಊಟಕ್ಕೆ ಕೂತಾಗ ತೊಕುಜಿ ಹೆಂಡತಿಯ ಮುಖ ನೋಡಿದ. ಸಾರು ಆರಿತ್ತು, ಅನ್ನದ ಮೇಲೆ ಕಲಸಿದ ನಾಟೊ, ಹುಳಿಬರಿಸಿದ ಸೋಯಾಕಾಳು, ಹಾಗೇ ಕೂತಿತ್ತು.

"ಏನೇ, ಆ ಹುಡುಗಿ ಇವತ್ತೇನು ಮಾಡಿದ್ಲು?"

"ನಾನು ಅವಳ ವಿಷಯ ಎತ್ತಿದ್ನಾ?"

"ಎತ್ತಿಲ್ಲ. ಅದಕ್ಕೇ ಕೇಳಿದ್ದು. ದಿನಾ ಊಟಕ್ಕೆ ಮೂರು ಜನ ಕೂರ್ತಿದ್ವಿ, ನಾನು, ನೀನು, ಇಸೊಗಾಯ್. ಇವತ್ತು ಅವಳು ಬಂದಿಲ್ವಲ್ಲ ಅಂತ."

"ನಿಮಗೇನ್ರೀ, ಬಸ್ಸು ಓಡ್ಸೋರಿಗೆ. ನಿಮ್ ಸ್ಟೇರಿಂಗಿಗೆ ಯಾರಾದ್ರೂ ಹುಡುಗಿ ಬಂದು ಕೈ ಹಾಕಿದ್ರೆ ಗೊತ್ತಾಗ್ತಿತ್ತು."

"ಬಂದ್ರೆ ಹಾಯಾಗಿ ಹಿಂದೆ ಸೀಟಲ್ಲಿ ಕೂತು ನಿದ್ದೆ ಹೊಡೀತೀನಿ. ಇನ್ನು ಮೂರು ವರ್ಷಕ್ಕೆ ರಿಟೈರಾಗಿ ನೀನೂ ಮನೇಲಿರ್ತೀಯ. ಕಲ್ಸಿಕೊಟ್ಟು ಬಾರೆ, ಏನು ಕಳ್ಕೋತೀಯ?"

ಸುಮಿಯೆ ಬಟ್ಟಲುಗಳನ್ನು ದಡದಡ ಎತ್ತಿಕೊಂಡು ಹೋದಳು. ಏನು ಕಳೆದುಕೊಳ್ಳುತ್ತೇನೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಬಾಯಿಬಿಟ್ಟು ಹೇಳಿದರೆ ಮಾತ್ರ ಅದು ತೀರಾ ಚಿಕ್ಕದಾಗಿ ಕೇಳಿಸುತ್ತಿತ್ತು.

ಫೆಬ್ರವರಿ ಐದರಂದು ಇಸೊಗಾಯ್‌ಳ ಮೇಜಿನ ಮೇಲಿದ್ದ ಗಾಜಿನ ಪೆಟ್ಟಿಗೆ ಸುಮಿಯೆಯ ಕಣ್ಣಿಗೆ ಬಿತ್ತು. ಸೂಜಿಗೆ ಕಿಲುಬು ಹತ್ತದಂತೆ ಒಣಗಾಳಿ ತುಂಬಿದ ಪೆಟ್ಟಿಗೆ ಅದು, ಹುಡುಗಿಯದೇ ಏರ್ಪಾಟು. ಒಳಗೆ ಹತ್ತು ಗುಳಿ, ಹತ್ತು ಸೂಜಿ. ಮೊದಲನೆಯದರ ಪಕ್ಕ ಕೆಂಪು ಕಾಗದದ ಚೂರು, ಮೇಲೆ ಅಚ್ಚುಕಟ್ಟಾದ ಅಕ್ಷರದಲ್ಲಿ "ಹತ್ತನೇ ತಾರೀಖಿಗೆ". ಅಷ್ಟೇ. ಯಾರೂ ಅವಳನ್ನು ಒಂದು ಮಾತು ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ತನ್ನ ಸೂಜಿಗಳ ಮರದ ಪೆಟ್ಟಿಗೆ ಕಪಾಟಿನಲ್ಲಿ ಎಂದಿನ ಜಾಗದಲ್ಲೇ ಇತ್ತು.

ಎಂಟನೇ ತಾರೀಖು ಸೂಜಿಯ ಹಬ್ಬ. ಸವೆದ, ಮುರಿದ ಸೂಜಿಗಳನ್ನು ಸೋಯಾ ಹಾಲು ಹೆಪ್ಪುಗಟ್ಟಿಸಿದ ಮೆತ್ತಗಿನ ತೋಫುವಿಗೆ ಚುಚ್ಚಿ, ವರ್ಷವಿಡೀ ಗಟ್ಟಿ ಬಟ್ಟೆಯೊಳಗೆ ತೂರಿ ದಣಿದಿದ್ದೀಯ, ಇನ್ನು ಮೆತ್ತಗೆ ಮಲಗು ಎಂದು ಕೈಮುಗಿಯುವ ದಿನ. ಸುಮಿಯೆಯ ತಾಯಿ ಒಂದು ವರ್ಷವೂ ಅದನ್ನು ತಪ್ಪಿಸಿದವಳಲ್ಲ. ಲ್ಯಾಬಿಗೆ ಆ ಪದ್ಧತಿ ತಂದವಳು ಸುಮಿಯೆ. ಮೊದಲ ವರ್ಷ ಹುಡುಗರು ನಕ್ಕರು, ಮೇಷ್ಟ್ರು ನಗಲಿಲ್ಲ. ಅಲ್ಲಿಂದ ಪ್ರತಿ ವರ್ಷ ಚಹಾ ಕೋಣೆಯಲ್ಲಿ ಒಂದು ತಟ್ಟೆ, ಅದರ ಮೇಲೆ ಬಿಳಿ ತೋಫು. ವರ್ಷದ ಮೊಂಡು ಸೂಜಿಗಳ ಡಬ್ಬಿ ಸುಮಿಯೆಯ ಸುಪರ್ದಿನಲ್ಲಿ. ಒಮ್ಮೆ ತೋಫುವಿಗೆ ಹೋದ ಸೂಜಿಯನ್ನು ಮತ್ತೆ ಕೆಲಸಕ್ಕೆ ಕರೆಯುವ ಹಾಗಿಲ್ಲ. ಕರೆದರೂ ಪ್ರಯೋಜನವಿಲ್ಲ, ಆ ತುದಿ ತೋಫು ಮುಟ್ಟಿದರೂ ಸಾಕು, ಕೆಟ್ಟಿತು.

ಆ ಬೆಳಿಗ್ಗೆ ಅವಳು ಎಲ್ಲರಿಗಿಂತ ಮೊದಲು ಬಂದಳು. ಬೆಟ್ಟದ ಕಡೆಯಿಂದ ಒಣ ಗಾಳಿ ಬೀಸುತ್ತಿತ್ತು, ಅಂಗಳದ ಪ್ಲಮ್ ಗಿಡದಲ್ಲಿ ನಾಲ್ಕೈದು ಹೂ ಬಿಟ್ಟಿದ್ದವು. ತೋಫುವನ್ನು ನೀರಿನಿಂದ ತೆಗೆದು ತಟ್ಟೆಗಿಟ್ಟಳು. ಡಬ್ಬಿ ಪಕ್ಕಕ್ಕಿಟ್ಟಳು. ಆಮೇಲೆ ಚಿಮುಟ ಹಿಡಿದು ಇಸೊಗಾಯ್‌ಳ ಮೇಜಿಗೆ ಹೋದಳು. ಗಾಜಿನ ಮುಚ್ಚಳ ತೆಗೆದು, ಕೆಂಪು ಗುರುತಿನ ಸೂಜಿಯನ್ನು ಎತ್ತಿ ತಂದು, ತೋಫುವಿನ ನಟ್ಟನಡುವೆ ಚುಚ್ಚಿದಳು. ಅದು ಬೆಣ್ಣೆಗೆ ಇಳಿದ ಹಾಗೆ ಇಳಿಯಿತು. "ದಣಿದಿದ್ದೀಯ, ಮಲಗು," ಎಂದು ಅಭ್ಯಾಸಬಲದಿಂದ ಬಾಯಿ ಹೇಳಿತು. ಒಂದು ದಿನವೂ ದುಡಿಯದ ಸೂಜಿಗೆ ಈ ಮಾತು ಹೇಳಿದೆನಲ್ಲ ಎಂದು ಕ್ಷಣಕಾಲ ನಾಚಿಕೆಯಾಯಿತು. ಕ್ಷಣಕಾಲ ಮಾತ್ರ. ಅದರ ಸುತ್ತ ಹತ್ತು ಮೊಂಡು ಸೂಜಿ ಚುಚ್ಚಿದ ಮೇಲೆ ಯಾವುದು ಯಾವುದೋ ಬ್ರಹ್ಮನಿಗೂ ಗೊತ್ತಾಗುವಂತಿರಲಿಲ್ಲ.

ಹತ್ತು ಗಂಟೆಗೆ ಎಲ್ಲರೂ ಸೇರಿದರು. ಮೇಷ್ಟ್ರು ತಲೆಬಾಗಿದರು. ಇಸೊಗಾಯ್ ಎರಡು ಸೂಜಿ ಚುಚ್ಚಿ, ಕಣ್ಮುಚ್ಚಿ, ಎಲ್ಲರಿಗಿಂತ ಹೆಚ್ಚು ಹೊತ್ತು ಕೈಜೋಡಿಸಿ ನಿಂತಳು. ಸುಮಿಯೆ ಅವಳ ಕತ್ತಿನ ಹಿಂದಿನ ಸಣ್ಣ ಕೂದಲನ್ನೇ ನೋಡುತ್ತಿದ್ದಳು. ಮಧ್ಯಾಹ್ನ ತೋಫುವನ್ನು ಬೆಟ್ಟದ ಬುಡದ ದೇವಾಲಯಕ್ಕೆ ಒಪ್ಪಿಸಿ ಬಂದಳು.

ಒಂಬತ್ತರ ಬೆಳಿಗ್ಗೆ ಸೂಜಿಯನ್ನು ಯಂತ್ರದೊಳಗೆ ಕೂರಿಸಬೇಕು. ಒಳಗಿನ ಗಾಳಿಯನ್ನೆಲ್ಲ ಹೀರಿ ತೆಗೆಯಲು ಇಡೀ ದಿನ ಹಿಡಿಯುತ್ತದೆ. ಸುಮಿಯೆ ತನ್ನ ಮರದ ಪೆಟ್ಟಿಗೆಯನ್ನು ಒರೆಸಿ, ತೊಡೆಯ ಮೇಲಿಟ್ಟುಕೊಂಡು ಕೂತಳು. ಇನ್ನೇನು ಹುಡುಗಿ ಕಿರುಚುತ್ತಾಳೆ, ಮೇಷ್ಟ್ರು ಓಡಿ ಬರುತ್ತಾರೆ, "ಹತಾನಾಕಾ ಸಾನ್, ನಿಮ್ಮದೇ ಗತಿ!" ಎನ್ನುತ್ತಾರೆ. ಹುಡುಗಿ ಕಿರುಚಲಿಲ್ಲ. ಗಾಜಿನ ಪೆಟ್ಟಿಗೆ ತೆರೆದು ಸುಮ್ಮನೆ ನಿಂತಳು. ಮುಖ ಸುಣ್ಣದ ಹಾಗೆ ಬೆಳ್ಳಗಾಯಿತು. ಆಮೇಲೆ ಎರಡನೇ ಗುಳಿಯಿಂದ ಸೂಜಿ ತೆಗೆದುಕೊಂಡು ಯಂತ್ರದ ಕಡೆ ಹೋದಳು. ಸುಮಿಯೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

ನೋಡಿದಿರಾ ಸೊಕ್ಕು! ಹೋದರೂ ಹೋಗಲಿ, ನನ್ನನ್ನು ಕೇಳುವುದಿಲ್ಲ ಎಂಬ ಸೊಕ್ಕು! ಸುಮಿಯೆ ಪೆಟ್ಟಿಗೆಯನ್ನು ಕಪಾಟಿಗೆ ತುರುಕಿದಳು.

ಹತ್ತರಂದು ದೊಡ್ಡವರು ಬಂದರು, ಚಹಾ ಕುಡಿದರು, ಪರ್ಸಿಮನ್ ಮರದ ಭಾಷಣ ಕೇಳಿದರು. ಪರದೆಯ ಮೇಲೆ ಅಣುಗಳು ಮಬ್ಬು ಉಂಡೆಗಳ ಹಾಗೆ ಕಂಡವು. ಮೊದಲನೆಯದು ಬಂತು. ಎರಡು, ಮೂರು. ಐದನೆಯದೂ ಬಂದು ಕೂತಿತು. ಆರನೆಯದು ಸೂಜಿಯ ತುದಿಗೆ ಅಂಟಿಕೊಂಡಿತು, ಬಿಡಲಿಲ್ಲ. ಬಿಡಿಸಲು ಹೋದಾಗ ಜೋಡಿಸಿದ್ದ ಎರಡು ಚದುರಿಹೋದವು. ಮೇಷ್ಟ್ರು ಮೂರು ಗಂಟೆ ಒದ್ದಾಡಿದರು. ತುದಿ ಮೊಂಡಾಗಿತ್ತು. ಬಂದವರು "ತುಂಬಾ ಕುತೂಹಲಕಾರಿ," ಎಂದು ಬಗ್ಗಿ ವಂದಿಸಿ ಹೊರಟರು. ಆ ಮಾತಿನ ಅರ್ಥ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ! ಅವರ ಕಾರು ಹೋದ ಮೇಲೂ ಮೇಷ್ಟ್ರು ಬಾಗಿಲಲ್ಲಿ ಬಗ್ಗಿಯೇ ನಿಂತಿದ್ದರು.

ಸುಮಿಯೆಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು ಎಂದರೆ ಅವಳ ಮೇಲೆ ಸಿಟ್ಟು ಬರಬಹುದು. ಆದರೆ ಆದದ್ದು ಹಾಗೆಯೇ. ಹುಡುಗಿಯ ಸೂಜಿ ಎಲ್ಲರೆದುರು ಕೈಕೊಟ್ಟಿತ್ತು. ಮೇಷ್ಟ್ರ ಬಾಗಿದ ಬೆನ್ನು ಕಂಡಾಗ ಮಾತ್ರ ಆ ಹಾಲು ಒಡೆಯಿತು.

ಮಾರನೇ ದಿನ ಚಹಾ ಕೋಣೆಯಲ್ಲಿ ಅವಳು ಒಬ್ಬಳೇ ಇದ್ದಾಗ ಇಸೊಗಾಯ್ ಬಂದು ಬಾಗಿಲು ಮುಚ್ಚಿದಳು. ನೆಲದ ಮೇಲೆ ಮಂಡಿಯೂರಿ, ಎರಡೂ ಕೈ ಮುಂದಿಟ್ಟು, ಹಣೆ ನೆಲಕ್ಕೆ ತಾಗಿಸಿದಳು.

"ಏಯ್, ಏನಿದು, ಏಳಮ್ಮ ಮೇಲೆ."

"ನಿಮ್ಮ ಸೂಜಿ ಕಳೆದುಹಾಕ್ಬಿಟ್ಟೆ, ಹತಾನಾಕಾ ಸಾನ್. ಕ್ಷಮಿಸಿ ಅನ್ನೋಕೂ ಮುಖ ಇಲ್ಲ."

"ನನ್ನ ಸೂಜಿ?"

"ಜನವರಿ ಮೂರನೇ ವಾರ ನೀವು ಮಾಡಿದ್ರಲ್ಲ, ಏಳನೇದು. ಫೋಟೋ ತೆಗೆದಾಗ ನಂಗೆ ನಂಬಕ್ಕೇ ಆಗ್ಲಿಲ್ಲ. ಇಷ್ಟು ವರ್ಷದಲ್ಲಿ ಈ ಲ್ಯಾಬಲ್ಲಿ ಯಾರೂ ಅಂಥದ್ದು ಮಾಡಿಲ್ಲ. ನನ್ ಕರೆಂಟ್ ಪೆಟ್ಟಿಗೆ ಜನ್ಮದಲ್ಲಿ ಮಾಡಲ್ಲ. ನಿಮ್ಮ ಮರದ ಪೆಟ್ಟಿಗೇಲಿ ಗಾಳಿಯಾಡತ್ತಲ್ಲ, ಕಿಲುಬು ಹತ್ತತ್ತೆ ಅಂತ ನಿಮ್ಮನ್ನ ಕೇಳ್ದೆ ನನ್ನ ಗಾಜಿನ ಪೆಟ್ಟಿಗೆಗೆ ಹಾಕಿದ್ದೆ. ಕೆಂಪು ಗುರುತು ಇಟ್ಟಿದ್ದೆ. ಗಾಲಿ ತಿರುಗಿದ ಮೇಲೆ ಎಲ್ಲರ ಮುಂದೆ ಮೇಷ್ಟ್ರ ಬಾಯಲ್ಲಿ ನಿಮ್ಮ ಹೆಸರು ಹೇಳಿಸ್ಬೇಕು, ಲೇಖನದಲ್ಲೂ ಮೇಲ್ಗಡೆ ಹಾಕಿಸ್ಬೇಕು ಅಂತ ಅವರ ಹತ್ರ ಮಾತಾಡಿದ್ದೆ. ಅವರೂ ಹೂಂ ಅಂದಿದ್ರು. ಒಂಬತ್ತನೇ ತಾರೀಖು ನೋಡಿದ್ರೆ ಗುಳಿ ಖಾಲಿ. ಎಲ್ಲಿ ಬೀಳಿಸಿದ್ನೋ ಗೊತ್ತಿಲ್ಲ. ನಿಮ್ಮ ಮುಖ ನೋಡೋ ಧೈರ್ಯ ಬರ್ಲಿಲ್ಲ, ಅದಕ್ಕೇ ನಂದನ್ನೇ ಹಾಕ್ದೆ. ಮೇಷ್ಟ್ರ ಕೊನೇ ದಿನ ಹಾಳು ಮಾಡಿದೋಳು ನಾನು." ಅವಳು ಒಂದು ಬಿಳಿ ಲಕೋಟೆಯನ್ನು ಎರಡೂ ಕೈಯಿಂದ ಮುಂದೆ ಚಾಚಿದಳು. "ರಾಜೀನಾಮೆ. ಮೊದಲು ನಿಮಗೆ ತೋರ್ಸಿ ಆಮೇಲೆ ಮೇಷ್ಟ್ರಿಗೆ ಕೊಡ್ತೀನಿ."

ಸುಮಿಯೆ ಲಕೋಟೆ ತೆಗೆದುಕೊಂಡಳು. ಎರಡು ವರ್ಷದಿಂದ ಬೇಡಿದ್ದೆಲ್ಲ ಆ ಕಾಗದದಲ್ಲಿತ್ತು. ಹುಡುಗಿ ಹೋಗುತ್ತಾಳೆ, ತಾನು ಉಳಿಯುತ್ತೇನೆ. ಮಾಡಬೇಕಾದ್ದು ಇಷ್ಟೇ, "ಹೋಗ್ಲಿ ಬಿಡಮ್ಮ, ಕ್ಷಮಿಸಿದೀನಿ," ಎನ್ನಬೇಕು. ಆ ಮಾತು ನಾಲಿಗೆಯ ತುದಿಯವರೆಗೆ ಬಂತು. ಅಲ್ಲಿಂದ ಮುಂದಕ್ಕೆ ಬರಲಿಲ್ಲ. ಇವಳು ನನ್ನ ಕಾಲಿಗೆ ಬಿದ್ದಿದ್ದಾಳೆ, ನನ್ನನ್ನು ಮೇಲೆತ್ತಲು ಹೋಗಿ ಬಿದ್ದಿದ್ದಾಳೆ ಎಂಬುದನ್ನು ನುಂಗಿಕೊಳ್ಳಲು ಅವಳಿಂದಾಗಲಿಲ್ಲ.

"ತೋಫುಗೆ ಚುಚ್ಚಿದೆ," ಅಂದಳು.

ಇಸೊಗಾಯ್ ತಲೆಯೆತ್ತಿದಳು.

"ನೀನು ಕಳೆದಿಲ್ಲ. ನಾನೇ ತೆಗೆದು ತೋಫುಗೆ ಚುಚ್ಚಿದೆ. ಎಂಟನೇ ತಾರೀಖು ಬೆಳಿಗ್ಗೆ. ನಿನ್ನದು ಅನ್ಕೊಂಡು."

ಹುಡುಗಿ ಎದ್ದು ನಿಂತಳು. ಅವಳ ಮುಖದಲ್ಲಿ ನಗು ಇಲ್ಲದ್ದನ್ನು ಸುಮಿಯೆ ಕಂಡದ್ದು ಅದೇ ಮೊದಲು.

"ನನ್ನದಾಗಿದ್ರೆ ಪರವಾಗಿರ್ಲಿಲ್ಲ," ಅಂದಳು ಇಸೊಗಾಯ್. "ನಂದು ಹೋಗಿದ್ರೆ ಮಾರನೇ ದಿನ ಅಂಥದ್ದೇ ಇನ್ನೊಂದು ಮಾಡ್ತಿದ್ದೆ. ಅದನ್ನ ಕೊಂದ್ರಲ್ಲ! ಅದನ್ನ ಹ್ಯಾಗ್ರೀ ಕೊಂದ್ರಿ? ಒಂದು ದಿನ, ಒಂದೇ ಒಂದು ದಿನ ಬಂದು ಫೋಟೋ ನೋಡಿದ್ರೆ ನಿಮಗೇ ಗೊತ್ತಾಗ್ತಿತ್ತಲ್ಲ!"

ಲಕೋಟೆಯನ್ನು ಕಿತ್ತುಕೊಂಡು, ಹರಿದು, ಕಸದ ಬುಟ್ಟಿಗೆ ಹಾಕಿ ಹೋದಳು. ಐದು ನಿಮಿಷಕ್ಕೆ ಹಿಂದಿರುಗಿ ಬಂದು ಒಂದು ಫೋಟೋವನ್ನು ಮೇಜಿನ ಮೇಲೆ ಕುಕ್ಕಿದಳು.

ಸುಮಿಯೆ ನೋಡಿದಳು. ಬೂದು ಬಣ್ಣದ ಹಿನ್ನೆಲೆಯಲ್ಲಿ ಒಂದು ಬಿಳಿ ಮೊನೆ. ಎಲ್ಲೂ ಗಂಟಿಲ್ಲ, ಡೊಂಕಿಲ್ಲ. ಎಲ್ಲಿ ಮುಗಿಯಿತು ಎಂದು ಹೇಳಲು ಬಾರದ ಹಾಗೆ ಮುಗಿದಿತ್ತು. ಇದನ್ನು ತಾನು ಮಾಡಿದ್ದೇ? ಆ ದಿನ ಏನು ತಿಂದಿದ್ದೆ, ಮನಸ್ಸು ಹೇಗಿತ್ತು, ಬೆರಳು ಗುಂಡಿಯ ಮೇಲೆ ಎಷ್ಟು ಭಾರವಾಗಿತ್ತು, ಒಂದೂ ನೆನಪಾಗಲಿಲ್ಲ.

ಆ ಸಂಜೆಯೇ ಅವಳು ಮೇಷ್ಟ್ರ ಕೋಣೆಗೆ ಹೋಗಿ ಎಲ್ಲ ಹೇಳಿದಳು. ಮೇಷ್ಟ್ರು ಕೇಳಿದರು, ಕನ್ನಡಕ ತೆಗೆದು ಒರೆಸಿದರು, ತುಂಬ ಹೊತ್ತು ಒರೆಸಿದರು. "ಹತ್ತನೇ ತಾರೀಖಿಗೆ ಮೊದ್ಲೇ ಬಂದು ನನ್ನನ್ನ ಬಯ್ದಿದ್ರೆ ಆಗ್ತಿತ್ತಲ್ಲ, ಹತಾನಾಕಾ ಸಾನ್," ಅಂದರು. "ನಾನು ಬೈಸ್ಕೋತಿದ್ದೆ." ಮಾರ್ಚ್ ಕೊನೆಗೆ ಅವರು ಪೆಟ್ಟಿಗೆ ಕಟ್ಟಿಕೊಂಡು ಹೊರಟರು. ಗಾಲಿ ತಿರುಗುವುದನ್ನು ಅವರು ನೋಡಲೇ ಇಲ್ಲ.

ಸುಮಿಯೆಯನ್ನು ಯಾರೂ ಹೊರಗೆ ಹಾಕಲಿಲ್ಲ. ಅವಳು ಈಗಲೂ ಕ್ಷಾರದ ನೀರಿನ ಮುಂದೆ ಕೂರುತ್ತಾಳೆ. ಇಸೊಗಾಯ್ ತನ್ನ ಪುಟ್ಟ ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿ ಆ ಗುಳ್ಳೆಗಳನ್ನೇ ನೋಡುತ್ತ ನಿಲ್ಲುತ್ತಾಳೆ. ಸೂಜಿ ಆದ ಕೂಡಲೇ ಇಬ್ಬರೂ ಹೋಗಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಪಕ್ಕದಲ್ಲಿ ಜನವರಿಯ ಫೋಟೋ.

"ಅಲ್ಲ," ಅನ್ನುತ್ತಾಳೆ ಇಸೊಗಾಯ್.

"ಅಲ್ಲ," ಅನ್ನುತ್ತಾಳೆ ಸುಮಿಯೆ.

ಇನ್ನೂರಕ್ಕೂ ಹೆಚ್ಚು ಸೂಜಿಗಳಾಗಿವೆ. ಒಳ್ಳೆಯವೇ, ಕೆಲಸಕ್ಕೆ ಬರುತ್ತವೆ. ಆ ಒಂದರ ಸಮಕ್ಕೆ ಒಂದೂ ಇಲ್ಲ. ಹುಡುಗಿಯ ಹೆಸರು ಈಗ ಲೇಖನದ ಮೇಲೆ ಎಲ್ಲಿ ಬಂದರೂ ಸುಮಿಯೆಗೆ ಏನೂ ಅನ್ನಿಸುವುದಿಲ್ಲ. ಹೊಟ್ಟೆ ಉರಿಯುವುದು ಆ ಫೋಟೋ ಕಂಡಾಗ. ಜನವರಿ ಮೂರನೇ ವಾರ ಇದೇ ಕುರ್ಚಿಯಲ್ಲಿ ಕೂತು, ಯಾರ ಯೋಚನೆಯೂ ಇಲ್ಲದೆ, ಅದನ್ನು ಮಾಡಿ ಎದ್ದುಹೋದ ಆ ಹೆಂಗಸಿನ ಕೈ ಮೇಲೆ.